ಕೊನೆಯ ಕಲ್ಲು ಯಾರ ಕೈಯಲ್ಲಿ? (ಓದುಗರ ಕ್ರೀಡಾ ಪ್ರಶ್ನೆಗಳು)

ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ವೃತ್ತಗಳ ನಡುಬಿಂದುವಿನತ್ತ ಕಳಿಸುವ ಕರ್ಲಿಂಗ್ ಎಂಬ ಆಟದ ಬಗ್ಗೆ ಹಿಂದಿನ ಸಂಚಿಕೆಯ ಪುಟದ ಮೂಲೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಪ್ರಕಟವಾಗಿತ್ತು. 2025ರ ವಿಶ್ವ ಕರ್ಲಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ಪ್ರಶಸ್ತಿ ಕೆನಡಾದ ಪಾಲಾಯಿತು, ಪುರುಷರ ಪ್ರಶಸ್ತಿ ಸ್ಕಾಟ್ಲೆಂಡಿನ ಪಾಲಾಯಿತು ಎಂಬುದೂ, ಆ ಆಟದ ಕಲ್ಲೆಲ್ಲ ಸ್ಕಾಟ್ಲೆಂಡಿನ ಒಂದೇ ದ್ವೀಪದಿಂದ ಬರುತ್ತದೆ ಎಂಬುದೂ ಅದರ ಸಾರಾಂಶ. ಆ ನಾಲ್ಕು ಸಾಲಿಗೆ ಮೈಸೂರು, ಮಂಡ್ಯ ಕಡೆಯಿಂದ ಇಷ್ಟೊಂದು ಪತ್ರಗಳು ಬರುತ್ತವೆಂದು ನಾನು ಎಣಿಸಿರಲಿಲ್ಲ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಕ್ಯಾಲ್ಗರಿಯಲ್ಲಿರುವ ಮಗಳ ಮನೆಗೆ ಬಾಣಂತನಕ್ಕೆಂದು ಹೋಗಿದ್ದಾಗ ಚಳಿಗಾಲವಿಡೀ ಟಿ.ವಿ.ಯಲ್ಲಿ ಕರ್ಲಿಂಗ್ ನೋಡಿದೆ. ಪ್ರತಿ ಸಲವೂ ಅವವೇ ಮುಖಗಳು, ಪಂದ್ಯಾವಳಿಯ ಹೆಸರು ಮಾತ್ರ ಬೇರೆ. ಒಮ್ಮೆ ಪ್ರಾಂತ್ಯದ ಪರ, ಒಮ್ಮೆ ದೇಶದ ಪರ, ಇನ್ನೊಮ್ಮೆ ಯಾರ ಪರವೂ ಅಲ್ಲ. ಇದರ ಲೆಕ್ಕಾಚಾರವೇನು?
(ಗೃಹಿಣಿ, ಕುವೆಂಪುನಗರ, ಮೈಸೂರು)

ಉತ್ತರ: ನಿಮ್ಮ ಗಮನಕ್ಕೆ ಬಂದದ್ದು ಸರಿಯಾಗಿಯೇ ಇದೆ, ತಾಯಿ. ನಮ್ಮ ಕ್ರಿಕೆಟ್‌ನಲ್ಲಿ ಆಯ್ಕೆ ಸಮಿತಿಯು ಅಲ್ಲೊಬ್ಬರು ಇಲ್ಲೊಬ್ಬರನ್ನು ಆರಿಸಿ ತಂಡ ಕಟ್ಟುತ್ತದೆ. ಕರ್ಲಿಂಗ್‌ನಲ್ಲಿ ನಾಲ್ವರು ತಾವೇ ಜೊತೆಗೂಡಿ, ನಾಯಕನ ಅಥವಾ ನಾಯಕಿಯ ಹೆಸರನ್ನೇ ತಂಡಕ್ಕೆ ಇಟ್ಟುಕೊಂಡು, ವರ್ಷಗಟ್ಟಲೆ ಒಟ್ಟಿಗೇ ಆಡುತ್ತಾರೆ. ಈ ನಾಯಕರನ್ನು ‘ಸ್ಕಿಪ್’ ಎನ್ನುತ್ತಾರೆ. ಕೆನಡಾದಲ್ಲಿ ರಾಷ್ಟ್ರೀಯ ಪಂದ್ಯಾವಳಿಯನ್ನು ಗೆದ್ದ ತಂಡವೇ ಆ ವರ್ಷ ದೇಶದ ಅಂಗಿ ತೊಟ್ಟು ವಿಶ್ವ ಚಾಂಪಿಯನ್‌ಷಿಪ್‌ಗೆ ಹೊರಡುತ್ತದೆ. ರಣಜಿ ಟ್ರೋಫಿ ಗೆದ್ದ ಕರ್ನಾಟಕದ ಹನ್ನೊಂದು ಮಂದಿಯನ್ನು ಹಾಗೆಯೇ ಇಡಿಯಾಗಿ ಭಾರತ ತಂಡವೆಂದು ವಿಶ್ವಕಪ್‌ಗೆ ಕಳುಹಿಸಿದಂತೆ. ಎಲ್ಲ ದೇಶಗಳೂ ಈ ಕ್ರಮವನ್ನು ಅನುಸರಿಸುವುದಿಲ್ಲ, ಕೆಲವೆಡೆ ಒಕ್ಕೂಟವೇ ತಂಡವನ್ನು ನಿಶ್ಚಯಿಸುತ್ತದೆ.

ಕಬ್ಬು ಅರೆಯುವ ಹಂಗಾಮಿನಂತೆ ಈ ಆಟಕ್ಕೂ ಒಂದು ಹಂಗಾಮಿದೆ: ಸೆಪ್ಟೆಂಬರ್ ಸುಮಾರಿಗೆ ಶುರುವಾಗಿ ಮೇ ಮೊದಲ ವಾರಕ್ಕೆ ಮುಗಿಯುತ್ತದೆ. ಅದರ ಉದ್ದಕ್ಕೂ ‘ಗ್ರ್ಯಾಂಡ್ ಸ್ಲ್ಯಾಮ್’ ಎಂಬ ಐದು ಪಂದ್ಯಾವಳಿಗಳು ಹರಡಿಕೊಂಡಿವೆ. ನೀವು ‘ಯಾರ ಪರವೂ ಅಲ್ಲ’ ಎಂದದ್ದು ಇವುಗಳನ್ನೇ. ಇಲ್ಲಿ ತಂಡಗಳು ತಮ್ಮ ಪರವಾಗಿ, ಬಹುಮಾನದ ಹಣಕ್ಕಾಗಿ ಆಡುತ್ತವೆ. 2024–25ರ ಹಂಗಾಮಿನಲ್ಲಿ ನಡುವೆ ಯುರೋಪಿನ ದೇಶಗಳಿಗೆ ಯುರೋಪಿಯನ್ ಚಾಂಪಿಯನ್‌ಷಿಪ್ ಇತ್ತು. ಅಮೆರಿಕ ಖಂಡಗಳು, ಏಷ್ಯಾ ಮತ್ತು ಓಷಿಯಾನಿಯಾದ ದೇಶಗಳಿಗೆ 2022ರಲ್ಲಿ ಶುರುವಾದ ಪ್ಯಾನ್ ಕಾಂಟಿನೆಂಟಲ್ ಚಾಂಪಿಯನ್‌ಷಿಪ್ ಇತ್ತು. ವಿಶ್ವ ಚಾಂಪಿಯನ್‌ಷಿಪ್‌ನ ಸ್ಥಾನಗಳು ಆಗ ಹಂಚಿಕೆಯಾಗುತ್ತಿದ್ದದ್ದು ಅಲ್ಲಿಯೇ. ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಕೆನಡಾದ ರಾಷ್ಟ್ರೀಯ ಪಂದ್ಯಾವಳಿಗಳು ನಡೆಯುತ್ತವೆ: ಮಹಿಳೆಯರಿಗೆ ‘ಸ್ಕಾಟೀಸ್’, ಪುರುಷರಿಗೆ 1927ರಿಂದ ನಡೆದುಬಂದಿರುವ ‘ಬ್ರೈಯರ್’. 2025ರಲ್ಲಿ ಥಂಡರ್ ಬೇ ನಗರದಲ್ಲಿ ರೇಚಲ್ ಹೋಮನ್ ಅವರ ತಂಡವೂ, ಕೆಲೋನಾದಲ್ಲಿ ಬ್ರ್ಯಾಡ್ ಜೇಕಬ್ಸ್ ಅವರ ತಂಡವೂ ಗೆದ್ದವು. ಮುಂದೆ ದಕ್ಷಿಣ ಕೊರಿಯಾದ ಉಯ್‌ಜೊಂಗ್ಬುವಿನಲ್ಲಿ ನಡೆದ ಮಹಿಳಾ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಹೋಮನ್ ಅವರ ತಂಡ, ಅದಕ್ಕೆ ಮೊದಲು ನಾಲ್ಕು ಸಲ ವಿಶ್ವ ಪ್ರಶಸ್ತಿ ಗೆದ್ದಿದ್ದ ಸ್ವಿಟ್ಜರ್ಲೆಂಡಿನ ಸಿಲ್ವಾನಾ ತಿರಿನ್ಸೋನಿ ಅವರ ತಂಡವನ್ನು 7–3ರಿಂದ ಮಣಿಸಿತು. ಏಪ್ರಿಲ್‌ನಲ್ಲಿ ಕೆನಡಾದ ಮೂಸ್ ಜಾ ಎಂಬ ಊರಿನಲ್ಲಿ ಸ್ಕಾಟ್ಲೆಂಡಿನ ಬ್ರೂಸ್ ಮೌಟ್ ಅವರ ತಂಡ ಸ್ವಿಟ್ಜರ್ಲೆಂಡನ್ನು 5–4ರಿಂದ ಸೋಲಿಸಿತು. ಗಂಡು ಹೆಣ್ಣು ಇಬ್ಬರೇ ಸೇರಿ ಆಡುವ ಮಿಶ್ರ ಡಬಲ್ಸ್‌ನ ವಿಶ್ವ ಪ್ರಶಸ್ತಿಯನ್ನು ಇಟಲಿ ಗೆಲ್ಲುವುದರೊಂದಿಗೆ ಹಂಗಾಮು ಮುಗಿಯಿತು.

2025ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹದಿಮೂರು ತಂಡಗಳಿದ್ದವು. ಪ್ರತಿ ತಂಡವೂ ಉಳಿದೆಲ್ಲ ತಂಡಗಳ ಎದುರು, ಅಂದರೆ ಹನ್ನೆರಡು ಪಂದ್ಯ ಆಡಲೇಬೇಕಿತ್ತು. ಅಷ್ಟಾದ ಮೇಲೆ ಆರು ತಂಡಗಳು ಮುಂದಕ್ಕೆ ಹೋದವು. ಅದೃಷ್ಟದಿಂದ ಒಂದು ಪಂದ್ಯ ಗೆಲ್ಲಬಹುದು, ಹನ್ನೆರಡನ್ನು ದಾಟುವುದು ಕಷ್ಟ. ನೀವು ಮತ್ತೆ ಮತ್ತೆ ಅವವೇ ಮುಖಗಳನ್ನು ಕಂಡದ್ದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ನಾನು ಮೂವತ್ತು ವರ್ಷದಿಂದ ಕಲ್ಲು ಕೆಲಸದವನು. ಆ ಆಟದ ಕಲ್ಲೆಲ್ಲ ಸ್ಕಾಟ್ಲೆಂಡಿನ ಒಂದೇ ದ್ವೀಪದಿಂದ ಬರುತ್ತದೆಂದು ನಿಮ್ಮ ಟಿಪ್ಪಣಿಯಲ್ಲಿತ್ತು. ನಮ್ಮ ಕಲ್ಲು ಏಕಾಗದು?
(ಪಾಂಡವಪುರದಿಂದ ಒಬ್ಬರು)

ಉತ್ತರ: ‘ಎಲ್ಲ’ ಎಂದದ್ದು ನನ್ನ ತಪ್ಪು. ವೇಲ್ಸ್‌ನ ಟ್ರೆಫೋರ್ ಎಂಬ ಊರಿನ ಕ್ವಾರಿಯ ಕಲ್ಲನ್ನೂ ಈ ಆಟಕ್ಕೆ ಬಳಸುತ್ತಾರೆ. ಆದರೆ ಒಲಿಂಪಿಕ್ಸ್‌ನಲ್ಲಿ ಬಳಸುವ ಕಲ್ಲು ಬರುವುದು ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿರುವ, ಜನವಸತಿಯಿಲ್ಲದ ಏಲ್ಸಾ ಕ್ರೇಗ್ ಎಂಬ ದ್ವೀಪದಿಂದಲೇ. ಅದನ್ನು ಕಡೆದು ಕೊಡುವುದು ಮಾಕ್ಲಿನ್ ಎಂಬ ಊರಿನಲ್ಲಿ 1851ರಿಂದ ಇದೇ ಕಸುಬು ಮಾಡಿಕೊಂಡು ಬಂದಿರುವ ಕೇಸ್ ಎಂಬ ಸಂಸ್ಥೆ. ದ್ವೀಪವು ಕಡಲಹಕ್ಕಿಗಳ ರಕ್ಷಿತ ತಾಣವಾದ್ದರಿಂದ ಅಲ್ಲಿ ಸಿಡಿಮದ್ದು ಇಡುವಂತಿಲ್ಲ. ಹಲವು ವರ್ಷಗಳಿಗೊಮ್ಮೆ ಹೋಗಿ ಬಂಡೆಗಳನ್ನು ದೋಣಿಗೆ ತುಂಬಿಕೊಂಡು ಬರುತ್ತಾರೆ.

ನಿಮ್ಮ ಪ್ರಶ್ನೆಯ ತಿರುಳು ಗಟ್ಟಿತನದ ವಿಷಯವಲ್ಲ. ಚಾಮುಂಡಿಬೆಟ್ಟದ ನಂದಿಯನ್ನು 17ನೇ ಶತಮಾನದಲ್ಲಿ ಕಡೆದದ್ದು ಅಲ್ಲಿನ ಒಂದೇ ಬಂಡೆಯಲ್ಲಿ, ಅದು ಈಗಲೂ ನಿಂತಿದೆ. ಗಟ್ಟಿತನದಲ್ಲಿ ನಮ್ಮ ಕಲ್ಲಿಗೆ ಯಾರೂ ಹೆಸರಿಡಲಾರರು. ಆದರೆ ಆ ನಂದಿಯ ಮೇಲೆ ಬಿದ್ದ ನೀರು ಎಂದೂ ಹೆಪ್ಪುಗಟ್ಟಿಲ್ಲ. ಮಂಜುಗಡ್ಡೆಯ ಮೇಲೆ ಓಡುವ ಕಲ್ಲಿನ ತಳಕ್ಕೆ ತೇವ ಇಳಿದು ಹೆಪ್ಪುಗಟ್ಟಿದರೆ ಹರಳುಗಳ ಸಂದಿ ಬಿರಿದು ಚಕ್ಕೆ ಏಳುತ್ತದೆ. ಏಲ್ಸಾ ಕ್ರೇಗ್‌ನ ‘ಬ್ಲೂ ಹೋನ್’ ಎಂಬ ಕಲ್ಲಿನ ಹರಳುಗಳು ಬಹಳ ಸಣ್ಣವು ಮತ್ತು ಒತ್ತಾಗಿ ಕೂಡಿಕೊಂಡಿರುವಂಥವು, ಅದು ನೀರು ಕುಡಿಯುವುದು ಅತ್ಯಲ್ಪ. ಅದೇ ದ್ವೀಪದ ‘ಕಾಮನ್ ಗ್ರೀನ್’ ಎಂಬ ಇನ್ನೊಂದು ಕಲ್ಲು ಹೊಡೆತ ತಾಳುವುದರಲ್ಲಿ ಮೇಲು. ಹೀಗಾಗಿ ಒಡಲನ್ನು ಕಾಮನ್ ಗ್ರೀನ್‌ನಲ್ಲಿ ಕಡೆದು, ಮಂಜುಗಡ್ಡೆಗೆ ತಾಗುವ ತಳಕ್ಕೆ ಬ್ಲೂ ಹೋನ್ ಬಿಲ್ಲೆಯನ್ನು ಕೂರಿಸುತ್ತಾರೆ. ಆ ತಳವೂ ಚಪ್ಪಟೆಯಲ್ಲ: ಬಟ್ಟಲಿನಂತೆ ಒಳಕ್ಕೆ ತಗ್ಗಾಗಿದ್ದು, ಕೆಲವೇ ಮಿಲಿಮೀಟರ್ ಅಗಲದ ಬಳೆಯಂಥ ಅಂಚಿನ ಮೇಲೆ ಇಡೀ ಕಲ್ಲು ಓಡುತ್ತದೆ. ತೂಕ ನಿಯಮದ ಪ್ರಕಾರ 17.24ರಿಂದ 19.96 ಕಿಲೊ, ಅಂದರೆ ಮನೆಯ ಖಾಲಿ ಗ್ಯಾಸ್ ಸಿಲಿಂಡರ್‌ಗಿಂತ ತುಸು ಹೆಚ್ಚು. ಇಂಥ ಹದಿನಾರು ಕಲ್ಲುಗಳು ಒಂದು ಪಂದ್ಯದಲ್ಲಿ ಒಂದನ್ನೊಂದು ಮತ್ತೆ ಮತ್ತೆ ಡಿಕ್ಕಿ ಹೊಡೆಯುತ್ತಿದ್ದರೂ ಅಂಚು ಮುಕ್ಕಾಗಬಾರದು. ಆ ಅಂಚನ್ನು ತಿದ್ದುವುದು ಎಷ್ಟು ಸೂಕ್ಷ್ಮದ ಕೆಲಸವೆಂಬುದು ನನಗಿಂತ ನಿಮಗೇ ಚೆನ್ನಾಗಿ ತಿಳಿದೀತು.

ಪ್ರಶ್ನೆ: ಕಲ್ಲಿನ ಮುಂದೆ ಇಬ್ಬರು ಪೊರಕೆ ಹಿಡಿದು ಉಜ್ಜುತ್ತಾ ಓಡುವುದೇಕೆ? ಕಲ್ಲು ತಾನಾಗಿ ಪಕ್ಕಕ್ಕೆ ಹೇಗೆ ತಿರುಗುತ್ತದೆ?
(ಬಿ.ಎಸ್ಸಿ. ವಿದ್ಯಾರ್ಥಿನಿ, ಮಂಡ್ಯ)

ಉತ್ತರ: ಮೊದಲು ನೆಲದ ವಿಷಯ ಹೇಳಬೇಕು. ಕರ್ಲಿಂಗ್ ಆಡುವ ಮಂಜುಗಡ್ಡೆ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಭತ್ತದ ಗದ್ದೆಗೆ ಔಷಧಿ ಹೊಡೆಯುವವರಂತೆ ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡ ಒಬ್ಬಾತ ಹಿಂದೆ ಹಿಂದೆ ಹೆಜ್ಜೆಯಿಡುತ್ತಾ, ಕೈಯನ್ನು ಎಡಕ್ಕೂ ಬಲಕ್ಕೂ ಒಂದೇ ಲಯದಲ್ಲಿ ಆಡಿಸುತ್ತಾ, ಅದರ ಮೇಲೆ ನೀರಿನ ಹನಿ ಚಿಮುಕಿಸುತ್ತಾನೆ. ಹನಿಗಳು ಬಿದ್ದಲ್ಲೇ ಹೆಪ್ಪುಗಟ್ಟಿ ರವೆಯಂಥ ಉಬ್ಬುಗಳಾಗುತ್ತವೆ. ಕಲ್ಲು ಓಡುವುದು ಈ ಉಬ್ಬುಗಳ ತಲೆಯ ಮೇಲೆ. ಕೇರಂ ಬೋರ್ಡಿಗೆ ಪೌಡರ್ ಹಾಕದಿದ್ದರೆ ಸ್ಟ್ರೈಕರ್ ಹೇಗೆ ಅರ್ಧಕ್ಕೇ ನಿಲ್ಲುತ್ತದೆಯೋ, ಈ ಉಬ್ಬುಗಳಿಲ್ಲದಿದ್ದರೆ ಕಲ್ಲೂ ಹಾಗೆಯೇ ನಡುದಾರಿಯಲ್ಲಿ ನಿಂತುಬಿಡುತ್ತದೆ. ಉಜ್ಜಿದಾಗ ಮೇಲ್ಮೈ ಒಂದಿಷ್ಟು ಬಿಸಿಯಾಗಿ ಘರ್ಷಣೆ ತಗ್ಗುತ್ತದೆ, ಆಗ ಕಲ್ಲು ಹೆಚ್ಚು ದೂರ ಹೋಗುತ್ತದೆ ಮತ್ತು ಪಕ್ಕಕ್ಕೆ ಕಡಿಮೆ ಬಾಗುತ್ತದೆ. ಸ್ಕಿಪ್ ಆ ತುದಿಯಲ್ಲಿ ನಿಂತು ಕೂಗುವುದು ಉಜ್ಜಿ ಅಥವಾ ಬಿಡಿ ಎಂಬ ಈ ಎರಡು ಮಾತನ್ನೇ. 2015ರಲ್ಲಿ ಬಂದ ಕೆಲವು ಹೊಸ ಬಟ್ಟೆಯ ಪೊರಕೆಗಳಿಂದ ಉಜ್ಜುವವರೇ ಕಲ್ಲನ್ನು ಬೇಕಾದ ಕಡೆಗೆ ತಿರುಗಿಸಬಹುದೆಂಬುದು ಗೊತ್ತಾಗಿ ದೊಡ್ಡ ರಂಪವಾಯಿತು. ಆ ನಂತರ ದೊಡ್ಡ ಪಂದ್ಯಾವಳಿಗಳಲ್ಲಿ ಒಪ್ಪಿಗೆ ಪಡೆದ ಬಟ್ಟೆಯನ್ನಷ್ಟೇ ಬಳಸಬೇಕೆಂಬ ನಿಯಮ ಬಂತು.

ಇನ್ನು ತಿರುಗುವ ವಿಷಯ. ನಮ್ಮ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಸ್ಟೀಲ್ ಲೋಟವನ್ನು ಬೋರಲು ಹಾಕಿ, ಎಡಕ್ಕೆ ಸುತ್ತುವಂತೆ ತಿರುವಿ ಮುಂದಕ್ಕೆ ತಳ್ಳಿ ನೋಡಿದೆ. ಅದು ಬಲಕ್ಕೆ ಹೊರಳಿತು. ಜಾರುವ ಲೋಟದ ಭಾರ ಮುಂಭಾಗದ ಅಂಚಿಗೆ ಬೀಳುತ್ತದೆ, ಆ ಅಂಚು ಎಡಕ್ಕೆ ಉಜ್ಜುವುದರಿಂದ ನೆಲವು ಲೋಟವನ್ನು ಬಲಕ್ಕೆ ತಳ್ಳುತ್ತದೆ. ಕರ್ಲಿಂಗ್ ಕಲ್ಲಿನ ಬೆರಗು ಇಲ್ಲಿಯೇ ಇದೆ: ಎಡಕ್ಕೆ ಸುತ್ತಿಸಿದರೆ ಅದು ಎಡಕ್ಕೇ ಬಾಗುತ್ತದೆ, ಲೋಟಕ್ಕೆ ತದ್ವಿರುದ್ಧ. ಮುಂಭಾಗದ ಅಂಚು ಮಂಜುಗಡ್ಡೆಯ ಮೇಲೆ ಸಣ್ಣ ಗೀರುಗಳನ್ನು ಮೂಡಿಸುತ್ತದೆ, ಹಿಂಭಾಗದ ಅಂಚು ಆ ಗೀರುಗಳನ್ನು ಅನುಸರಿಸಲು ಹೋಗಿ ಕಲ್ಲು ಬಾಗುತ್ತದೆ ಎಂದು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ವಾದಿಸಿದರು. ಎಲ್ಲ ಭೌತವಿಜ್ಞಾನಿಗಳೂ ಅದನ್ನು ಒಪ್ಪಿಲ್ಲ. ಬೇಕಾದರೆ ನಿಮ್ಮ ಪ್ರಾಜೆಕ್ಟ್‌ಗೆ ಈ ವಿಷಯವನ್ನೇ ಎತ್ತಿಕೊಳ್ಳಬಹುದು. ಲೋಟದ ಭಾಗಕ್ಕಂತೂ ಖರ್ಚಿಲ್ಲ.

ಪ್ರಶ್ನೆ: ಓಡುವ ಕಲ್ಲಿಗೆ ಪೊರಕೆ ತಾಗಿದರೆ ಅಂಪೈರ್ ಏನು ಮಾಡುತ್ತಾರೆ?
(ಮದ್ದೂರು)

ಉತ್ತರ: ಬಹುಪಾಲು ಸಲ ಅವರಿಗೆ ಕೆಲಸವೇ ಇರುವುದಿಲ್ಲ. ತಾಗಿಸಿದವರೇ ತಕ್ಷಣ ಕೈಯೆತ್ತಿ ಒಪ್ಪಿಕೊಳ್ಳಬೇಕು, ಒಪ್ಪಿಕೊಳ್ಳುತ್ತಾರೆ.

ಪ್ರಶ್ನೆ: ಅಂಕ ಗಳಿಸುವ ಅವಕಾಶವಿದ್ದರೂ ಬೇಕೆಂದೇ ಸೊನ್ನೆ ಮಾಡುತ್ತಾರೆ, ಪಂದ್ಯ ಮುಗಿಯುವ ಮೊದಲೇ ಸೋತೆವೆಂದು ಕೈಕುಲುಕಿ ಹೊರಡುತ್ತಾರೆ. ಇದನ್ನು ಸ್ಪರ್ಧೆ ಎನ್ನುವುದು ಹೇಗೆ?
(ನಿವೃತ್ತ ಅಧ್ಯಾಪಕ, ಸರಸ್ವತಿಪುರಂ, ಮೈಸೂರು)

ಉತ್ತರ: ಮೇಷ್ಟ್ರೇ, ಈ ಆಟದ ಗುಟ್ಟು ಇರುವುದೇ ನೀವು ದೂರಿದ ಆ ಸೊನ್ನೆಯಲ್ಲಿ. ಒಂದು ಸುತ್ತನ್ನು ‘ಎಂಡ್’ ಎನ್ನುತ್ತಾರೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹತ್ತು ಎಂಡ್, ಗ್ರ್ಯಾಂಡ್ ಸ್ಲ್ಯಾಮ್‌ನಲ್ಲಿ ಎಂಟು. ಪ್ರತಿ ಎಂಡ್‌ನಲ್ಲಿ ಎರಡು ತಂಡಗಳು ಸರದಿಯಂತೆ ಎಂಟೆಂಟು ಕಲ್ಲು ಬಿಡುತ್ತವೆ. ಗುರಿಯ ವೃತ್ತಗಳ ನಡುಬಿಂದುವಿಗೆ ಯಾರ ಕಲ್ಲು ಅತಿ ಹತ್ತಿರವೋ ಅವರಿಗೆ ಮಾತ್ರ ಅಂಕ. ಎದುರಾಳಿಯ ಅತ್ಯಂತ ಸಮೀಪದ ಕಲ್ಲಿಗಿಂತ ಒಳಗಿರುವ ತಮ್ಮ ಕಲ್ಲುಗಳು ಎಷ್ಟೋ ಅಷ್ಟು ಅಂಕ. ಹದಿನಾರನೆಯ ಕಲ್ಲನ್ನು ಬಿಡುವ ಹಕ್ಕಿಗೆ ‘ಹ್ಯಾಮರ್’ ಎಂದು ಹೆಸರು. ಕೊನೆಯ ಕಲ್ಲು ಕೈಯಲ್ಲಿದ್ದವರು ಎದುರಾಳಿ ಕಟ್ಟಿದ್ದನ್ನು ಒಂದೇ ಏಟಿಗೆ ಚದುರಿಸಬಲ್ಲರು. ಅಂಕ ಗಳಿಸಿದ ತಂಡ ಮುಂದಿನ ಎಂಡ್‌ಗೆ ಹ್ಯಾಮರನ್ನು ಎದುರಾಳಿಗೆ ಬಿಟ್ಟುಕೊಡಬೇಕು, ಯಾರೂ ಅಂಕ ಗಳಿಸದಿದ್ದರೆ ಅದು ಇದ್ದವರ ಬಳಿಯೇ ಉಳಿಯುತ್ತದೆ. ಬರೀ ಒಂದು ಅಂಕಕ್ಕೆ ಹ್ಯಾಮರ್ ಕಳೆದುಕೊಳ್ಳುವುದು ನಷ್ಟದ ವ್ಯಾಪಾರ. ಎರಡಾದರೂ ಸಿಗದಿದ್ದರೆ ಅವರು ತಮ್ಮ ಕೊನೆಯ ಕಲ್ಲನ್ನೂ ವೃತ್ತದಾಚೆಗೆ ಕಳಿಸಿ, ಸೊನ್ನೆ ಮಾಡಿ, ಹ್ಯಾಮರನ್ನು ಮುಂದಿನ ಎಂಡ್‌ಗೆ ಉಳಿಸಿಕೊಳ್ಳುತ್ತಾರೆ. ಹ್ಯಾಮರ್ ಇಲ್ಲದವರ ಹಟ ಇದಕ್ಕೆ ಉಲ್ಟಾ: ಎದುರಾಳಿಯನ್ನು ಒಂದೇ ಅಂಕಕ್ಕೆ ಕಟ್ಟಿಹಾಕುವುದು, ಸಾಧ್ಯವಾದರೆ ತಾವೇ ಒಂದನ್ನು ಕದಿಯುವುದು.

2022ರ ಬೀಜಿಂಗ್ ಒಲಿಂಪಿಕ್ಸ್ ಪುರುಷರ ಫೈನಲ್ ನೆನಪಿಸಿಕೊಳ್ಳಿ. ಹತ್ತನೆಯ ಎಂಡ್‌ನಲ್ಲಿ ಬ್ರಿಟನ್ 3–4ರಿಂದ ಹಿಂದಿತ್ತು, ಹ್ಯಾಮರ್ ಅವರದೇ. ಎರಡು ಬಂದಿದ್ದರೆ ಚಿನ್ನ. ನಿಕ್ಲಾಸ್ ಎಡಿನ್ ಅವರ ಸ್ವೀಡನ್ ತಂಡ ಅವರನ್ನು ಒಂದಕ್ಕೇ ನಿಲ್ಲಿಸಿತು. ಅಂಕಪಟ್ಟಿಯಲ್ಲಿ 4–4ರ ಸಮಬಲ, ಆದರೆ ಹ್ಯಾಮರ್ ಸ್ವೀಡನ್ನಿಗೆ ಹೋಗಿತ್ತು. ಹೆಚ್ಚುವರಿ ಎಂಡ್‌ನಲ್ಲಿ ಅವರು ಒಂದು ಅಂಕ ಗಳಿಸಿ 5–4ರಿಂದ ಗೆದ್ದರು. ಬ್ರಿಟನ್ನಿನ ಸ್ಕಿಪ್ ಆಗಿದ್ದವರು 2025ರಲ್ಲಿ ಮೂಸ್ ಜಾದಲ್ಲಿ ಅದೇ 5–4ರಿಂದ ಗೆದ್ದ ಬ್ರೂಸ್ ಮೌಟ್.

ಕೈಕುಲುಕಿ ಹೊರಡುವ ವಿಷಯದಲ್ಲಿ ಮಾತ್ರ ನಾನು ಅರ್ಧ ನಿಮ್ಮ ಕಡೆಗಿದ್ದೇನೆ. ಚದುರಂಗದಲ್ಲಿ ಆಟ ಬಿಟ್ಟುಕೊಟ್ಟಂತೆ ಅದು ಎದುರಾಳಿಗೆ ತೋರುವ ಮರ್ಯಾದೆಯೆಂದು ಕರ್ಲಿಂಗ್‌ನವರು ಹೇಳುತ್ತಾರೆ, ಮಾತು ಸರಿಯೇ. ಆದರೆ ಮೂಸ್ ಜಾದ ಸಂಜೆ ಏಳರ ಪಂದ್ಯ ನಮಗೆ ಬೆಳಗಿನ ಆರೂವರೆಗೆ ಶುರು. ಅದಕ್ಕೆಂದು ಬೇಗ ಎದ್ದು, ಒಲೆಯ ಮೇಲಿನ ಹಾಲನ್ನು ಮರೆತು ಉಕ್ಕಿಸಿಕೊಂಡು ಕುಳಿತವನಿಗೆ ಎರಡು ಎಂಡ್ ಉಳಿದಿರುವಾಗಲೇ ಆಟ ಮುಗಿದರೆ ಸಿಟ್ಟು ಬರದಿರುತ್ತದೆಯೇ?

ಪ್ರಶ್ನೆ: ಹಿಮವೇ ಬೀಳದ ದೇಶದವರು ಈ ಆಟದಲ್ಲಿ ಗೆದ್ದದ್ದುಂಟೇ?
(ಶ್ರೀರಂಗಪಟ್ಟಣ)

ಉತ್ತರ: ಉಂಟು. 2025ರ ಫೆಬ್ರುವರಿಯಲ್ಲಿ ಚೀನಾದ ಹಾರ್ಬಿನ್‌ನಲ್ಲಿ ನಡೆದ ಏಷ್ಯನ್ ಚಳಿಗಾಲದ ಕ್ರೀಡಾಕೂಟದ ಪುರುಷರ ಫೈನಲ್‌ನಲ್ಲಿ ಫಿಲಿಪ್ಪೀನ್ಸ್ ತಂಡ ದಕ್ಷಿಣ ಕೊರಿಯಾವನ್ನು 5–3ರಿಂದ ಸೋಲಿಸಿತು. ಆ ಕೂಟದ ಇತಿಹಾಸದಲ್ಲಿ ಆ ದೇಶಕ್ಕೆ ಅದು ಮೊದಲ ಪದಕ. ಆದರೆ ಇಷ್ಟಕ್ಕೇ ಕಾವೇರಿ ದಡದಲ್ಲಿ ಮಂಜುಗಡ್ಡೆ ಹಾಸುವ ಆಸೆ ಬೇಡ: ಆ ತಂಡದ ಆಟಗಾರರಲ್ಲಿ ಹೆಚ್ಚಿನವರು ತಾಯಂದಿರ ಕಡೆಯಿಂದ ಫಿಲಿಪ್ಪೀನ್ಸಿನವರಾದರೂ ಆಟ ಕಲಿತದ್ದು ಸ್ವಿಟ್ಜರ್ಲೆಂಡಿನಲ್ಲಿ. ದಕ್ಷಿಣ ಕೊರಿಯಾದ ಕಥೆ ನನಗೆ ಇನ್ನೂ ಹತ್ತಿರದ್ದೆನಿಸುತ್ತದೆ. 2018ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಅವರ ಮಹಿಳಾ ತಂಡ ಬೆಳೆದದ್ದು ಉಯ್‌ಸೊಂಗ್ ಎಂಬ ಬೆಳ್ಳುಳ್ಳಿಗೆ ಹೆಸರಾದ ಬೇಸಾಯದ ಸೀಮೆಯಲ್ಲಿ. ಅಲ್ಲಿ ಒಂದು ಕರ್ಲಿಂಗ್ ಕೇಂದ್ರ ಕಟ್ಟಿದ್ದರು, ಊರಿನ ಶಾಲೆಯ ಹುಡುಗಿಯರು ಅಲ್ಲಿ ಆಡಲು ಹೋದರು. ಪತ್ರಿಕೆಗಳು ಅವರನ್ನು ‘ಬೆಳ್ಳುಳ್ಳಿ ಹುಡುಗಿಯರು’ ಎಂದೇ ಕರೆದವು.

ಪ್ರಶ್ನೆ: 2025ರ ಹಂಗಾಮಿನ ನಂತರದ ದೊಡ್ಡ ಪಂದ್ಯಾವಳಿ ಯಾವಾಗ? ನಿದ್ದೆ ಕೆಡಿಸಿಕೊಳ್ಳಬೇಕೇ?
(ಮಳವಳ್ಳಿ)

ಉತ್ತರ: 2026ರ ಫೆಬ್ರುವರಿಯಲ್ಲಿ, ಇಟಲಿಯ ಕೊರ್ಟಿನಾದ ಒಲಿಂಪಿಕ್ಸ್ ಕರ್ಲಿಂಗ್: ಪುರುಷರಲ್ಲಿ ಹತ್ತು ತಂಡ, ಮಹಿಳೆಯರಲ್ಲಿ ಹತ್ತು ತಂಡ, ಜೊತೆಗೆ ಮಿಶ್ರ ಡಬಲ್ಸ್. ಚಳಿಗಾಲದಲ್ಲಿ ಇಟಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಬೆಳಿಗ್ಗೆ ಒಂಬತ್ತಾದಾಗ ನಮಗೆ ಮಧ್ಯಾಹ್ನದ ಒಂದೂವರೆ. ಬೆಳಗಿನ ಪಂದ್ಯಗಳನ್ನಾದರೂ ಊಟದ ತಟ್ಟೆಯ ಮುಂದೆ ಕುಳಿತು ನೋಡಬಹುದು.