ರಸಪ್ರಶ್ನೆ ಮೇಷ್ಟ್ರ ಅಂಚೆಪೆಟ್ಟಿಗೆ

(ತಿಪಟೂರು ಕಡೆಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ಇವರು. ಊರಿನ ಗಣಪತಿ ಪೆಂಡಾಲಿನಲ್ಲಿ 22 ವರ್ಷ ರಸಪ್ರಶ್ನೆ ನಡೆಸಿದ್ದಾರೆ. ಓದುಗರ ಕಾಗದಗಳಿಗೆ ಇಲ್ಲಿ ಉತ್ತರಿಸುತ್ತಾರೆ.)

ಪ್ರಶ್ನೆ: ಸರ್, ರಾಜ್ಯೋತ್ಸವಕ್ಕೆ ನಮ್ಮ ಶಾಲೆಯಲ್ಲಿ ರಸಪ್ರಶ್ನೆ ನಡೆಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಐದನೇ ತರಗತಿಯವರೂ ಎಂಟನೇ ತರಗತಿಯವರೂ ಒಂದೇ ತಂಡದಲ್ಲಿ ಇರ್ತಾರೆ. ಕಳೆದ ಸಲ ಎರಡನೇ ಸುತ್ತಿಗೇ ಎಲ್ಲರೂ 'ಪಾಸ್, ಪಾಸ್' ಅನ್ನೋಕೆ ಶುರು ಮಾಡಿದರು. ಪ್ರಶ್ನೆಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸುವುದು ಹೇಗೆ?
— ಶಿಕ್ಷಕಿ, ಹಾವೇರಿ ಜಿಲ್ಲೆ

ಮೇಡಂ, ನಿಮ್ಮ ಕಾಗದ ಓದಿದಾಗ ನನ್ನ ಮೊದಲ ವರ್ಷದ ರಸಪ್ರಶ್ನೆ ನೆನಪಾಯಿತು. ಐದನೇ ತರಗತಿಯ ಒಬ್ಬ ಹುಡುಗಿ ವೇದಿಕೆ ಹತ್ತಿದಳು. ಎಣ್ಣೆ ಹಚ್ಚಿ ಎರಡು ಜಡೆ ಹಾಕಿಸಿಕೊಂಡು, ಕನಕಾಂಬರ ಮುಡಿದು ಬಂದಿದ್ದಳು. ನಾನು ಕೇಳಿದ ಮೊದಲ ಪ್ರಶ್ನೆಯೇ ಮಂಗೋಲಿಯಾದ ರಾಜಧಾನಿ ಯಾವುದು ಅಂತ. ಅವಳು ಸುಮ್ನೆ ನಿಂತಳು. ಹಿಂದಿನಿಂದ ಯಾರೋ ನಕ್ಕರು. ಅವಳು ಇಳಿದು ಹೋದಳು. ಮುಂದಿನ ವರ್ಷ ನಾನೇ ಮನೆಗೆ ಹೋಗಿ ಕರೆದರೂ ಬರಲಿಲ್ಲ. ಅವತ್ತಿನಿಂದ, ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಯೋಚಿಸುವುದು ಮೊದಲ ಪ್ರಶ್ನೆಯ ಬಗ್ಗೆ. ಆ ಪ್ರಶ್ನೆಗೆ ಮಗು ಬಾಯಿ ಬಿಟ್ಟು ಮಾತಾಡಬೇಕು. ಅಷ್ಟಾದರೆ ಮುಂದಿನದಕ್ಕೆಲ್ಲ ಧೈರ್ಯ ತಾನಾಗಿ ಬರುತ್ತದೆ.

ಇನ್ನು ಜೋಡಿಸುವ ವಿಚಾರ. ಸುತ್ತು ಸುತ್ತಿಗೂ ವಿಷಯ ಬದಲಾಯಿಸಬೇಡಿ. ಒಂದೇ ವಿಷಯ ಹಿಡಿದು ಒಳಗೆ ಹೋಗಿ. ನಾನು ಹೆಚ್ಚು ಸಲ ಬಳಸಿದ್ದು ಕೆ.ಆರ್.ಎಸ್. ಅಣೆಕಟ್ಟು. ಅದು ಯಾವ ನದಿಗೆ ಕಟ್ಟಿದ್ದು ಅಂತ ಕೇಳಿ. ಕಾವೇರಿ ಅಂತ ಎಲ್ಲರೂ ಕೂಗ್ತಾರೆ. ಕಟ್ಟೆ ತುಂಬಿದಾಗ ಮುಖ್ಯಮಂತ್ರಿಗಳು ಬಂದು ಏನು ಅರ್ಪಿಸುತ್ತಾರೆ? ಬಾಗಿನ. ಇದನ್ನು ಟಿವಿ ನೋಡುವ ಅಜ್ಜಿಯೂ ಹೇಳ್ತಾರೆ. ಆಮೇಲೆ, ಅಣೆಕಟ್ಟು ಇರುವುದು ಯಾವ ಜಿಲ್ಲೆಯಲ್ಲಿ ಅಂತ ಕೇಳಿ. ಅರ್ಧ ಜನ ಮೈಸೂರು ಅಂದೇ ಅನ್ನುತ್ತಾರೆ. ಮಂಡ್ಯ ಅಂತ ನೀವು ಹೇಳಿದ ಕೂಡಲೇ ಗುಜುಗುಜು ಶುರುವಾಗುತ್ತದೆ. ಆ ಗುಜುಗುಜು ನನಗೆ ಬಹಳ ಇಷ್ಟ. ಕೂತವರೂ ಆಟಕ್ಕೆ ಇಳಿದರು ಅಂತ ಅರ್ಥ.

ಈಗ ಸ್ವಲ್ಪ ಮೇಲೆ ಹೋಗಿ. ಮಳೆಗಾಲದಲ್ಲಿ ಪೇಪರಿನಲ್ಲಿ ದಿನಾ ಕಾಣುವ 124.80 ಅನ್ನೋದು ಏನು? ಜಲಾಶಯ ತುಂಬಿದಾಗಿನ ನೀರಿನ ಮಟ್ಟ, ಅಡಿಗಳಲ್ಲಿ. ಹಳೆಯ ಜನ ಈ ಅಣೆಕಟ್ಟನ್ನು ಕನ್ನಂಬಾಡಿ ಕಟ್ಟೆ ಅನ್ನೋದು ಯಾಕೆ? ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಮಗುವಿಗೆ ಒಂದು ನಿಮಿಷ ಕೊಟ್ಟು ನೋಡಿ. ಅದು ಯಾವುದೋ ಊರಿನ ಹೆಸರಿನ ಹಾಗಿದೆ. ಹಾಗಾದರೆ ಆ ಊರು ಎಲ್ಲಿ ಹೋಯಿತು? ನೀರಿನೊಳಗೆ! ಕನ್ನಂಬಾಡಿ ಮುಳುಗಿತು. ಅಲ್ಲಿದ್ದ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ನಮ್ಮ ಕಾಲದಲ್ಲಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಇದನ್ನು ಯೋಚಿಸಿ ಹೇಳಿದ ಮಗುವಿನ ಮುಖ ನೋಡಬೇಕು ಮೇಡಂ.

ಕೊನೆಗೆ ಎರಡು ಪ್ರಶ್ನೆ ಉಳಿಸಿಕೊಳ್ಳಿ. 1911ರಲ್ಲಿ ಕೆಲಸ ಶುರುವಾದ ಈ ಕಟ್ಟೆಯ ಕಲ್ಲುಗಳನ್ನು ಸಿಮೆಂಟ್ ಬದಲು ಯಾವುದರಿಂದ ಕೂಡಿಸಿದರು? ಸುರ್ಕಿ ಗಾರೆ, ಅಂದರೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ್ದು. 'ಅಜ್ಜನ ಕಾಲದ ಮನೆ ಕಟ್ಟುತ್ತಿದ್ದದ್ದು ಹೇಗೆ?' ಅನ್ನೋ ಸುಳಿವು ಕೊಟ್ಟರೆ ಸುಣ್ಣದ ತನಕ ಬಂದೇ ಬರ್ತಾರೆ. ಇನ್ನೊಂದು, ವಿಶ್ವೇಶ್ವರಯ್ಯನವರು ರೂಪಿಸಿದ ತಾನಾಗಿ ತೆರೆದುಕೊಳ್ಳುವ ಗೇಟುಗಳನ್ನು ಮೊದಲು ಅಳವಡಿಸಿದ್ದು ಎಲ್ಲಿ? ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ, 1903ರಲ್ಲಿ. ಅವರು ಮೈಸೂರಿಗೆ ಬರುವ ಮುಂಚೆ ಮುಂಬೈ ಪ್ರಾಂತ್ಯದಲ್ಲಿ ನೌಕರಿ ಮಾಡುತ್ತಿದ್ದರು ಅನ್ನೋದೇ ಇದಕ್ಕೆ ಸುಳಿವು.

ಅಣೆಕಟ್ಟಿನ ಉದ್ದ ಎಷ್ಟು ಅಡಿ ಅಂತ ಮಾತ್ರ ಕೇಳಬೇಡಿ. ಅದು ಗೊತ್ತಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಯೋಚಿಸಿ ಪ್ರಯೋಜನವಿಲ್ಲ. ಕಷ್ಟದ ಪ್ರಶ್ನೆ ಅಂದರೆ ಮಗುವಿಗೆ ಹೆಜ್ಜೆ ಇಡಲು ಎಲ್ಲಾದರೂ ಒಂದು ಮೆಟ್ಟಿಲು ಇರಲೇಬೇಕು.

ಮೊದಲ ಎರಡು ಸುತ್ತಿಗೆ ಚಿಕ್ಕವರೇ ಉತ್ತರಿಸಬೇಕು ಅಂತ ನಿಯಮ ಮಾಡಿ. ಸುಳಿವು ಇಲ್ಲದೆ ಹೇಳಿದರೆ ಹತ್ತು ಅಂಕ, ಸುಳಿವು ಕೇಳಿದರೆ ಐದು. 'ಪಾಸ್' ಅನ್ನೋದು ಕಡಿಮೆಯಾಗುತ್ತೆ. ಬಹುಮಾನಕ್ಕೆ ಪ್ಲಾಸ್ಟಿಕ್ ಡಬ್ಬಿ ಬೇಡ, ಪುಸ್ತಕ ಕೊಡಿ. ಚಂದನದಲ್ಲಿ 2002ರಿಂದ ಬರುತ್ತಿರುವ 'ಥಟ್ ಅಂತ ಹೇಳಿ'ಯಲ್ಲಿ ಸರಿ ಉತ್ತರಕ್ಕೆ ಪುಸ್ತಕವನ್ನೇ ಕೊಡ್ತಾರೆ, ನೋಡಿರ್ತೀರಿ.

ಪ್ರಶ್ನೆ: ಮೇಷ್ಟ್ರೇ, ನನ್ನ ಮಗ ಸಾಮಾನ್ಯ ಜ್ಞಾನದ ಪುಸ್ತಕ ಪೂರ್ತಿ ಬಾಯಿಪಾಠ ಮಾಡಿದ್ದಾನೆ. ಆದರೂ ಕರ್ನಾಟಕದಲ್ಲಿ 30 ಜಿಲ್ಲೆ ಅಂದಿದ್ದು ತಪ್ಪಾಯಿತು. ಪುಸ್ತಕದಲ್ಲಿ ಹಾಗೇ ಇದೆ. ಮಗು ಅತ್ತುಬಿಟ್ಟ.
— ಗೃಹಿಣಿ, ದಾವಣಗೆರೆ

ಅಮ್ಮಾ, ಮಗನಿಗೆ ಹೇಳಿ, ಅವನ ಪುಸ್ತಕ ಸುಳ್ಳು ಹೇಳಿಲ್ಲ. ಅದಕ್ಕೆ ವಯಸ್ಸಾಗಿದೆ ಅಷ್ಟೇ. 1956ರಲ್ಲಿ ರಾಜ್ಯ ಒಂದಾದಾಗ ಇದ್ದದ್ದು 19 ಜಿಲ್ಲೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಬೇರೆಯಾಗಿ 20 ಆಯಿತು. 1997ರಲ್ಲಿ ಒಟ್ಟಿಗೆ ಏಳು ಹೊಸ ಜಿಲ್ಲೆ ಬಂದವು. ನಿಮ್ಮ ದಾವಣಗೆರೆಯೂ ಅದರಲ್ಲೇ ಒಂದು. ಆಗ 27. ಮತ್ತೆ 2007ರಲ್ಲಿ ಚಿಕ್ಕಬಳ್ಳಾಪುರ, ರಾಮನಗರ. ಆಮೇಲೆ ಯಾದಗಿರಿ ಸೇರಿ 30. ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿ 2021ಕ್ಕೆ 31.

ನನ್ನ ಹತ್ತಿರ ಹಳೆಯ ರಟ್ಟಿನ ನೋಟ್‌ಬುಕ್ಕುಗಳಿವೆ. ಪ್ರತಿ ಪ್ರಶ್ನೆಯ ಪಕ್ಕ ಬರೆದ ವರ್ಷ ಹಾಕಿಟ್ಟಿದ್ದೇನೆ. ಒಂದರಲ್ಲಿ 'ಸೌರಮಂಡಲದ ಗ್ರಹಗಳು ಎಷ್ಟು? ಒಂಬತ್ತು' ಅಂತಿದೆ. 2006ರಲ್ಲಿ ಪ್ಲೂಟೊವನ್ನು ಕುಬ್ಜ ಗ್ರಹ ಅಂತ ಕರೆದ ಮೇಲೆ ಅದನ್ನು ಕೆಂಪು ಪೆನ್ನಿನಲ್ಲಿ ಎಂಟು ಮಾಡಿದೆ. ನಿಮ್ಮ ಮಗನಿಗೂ ಒಂದು ಕೆಂಪು ಪೆನ್ನು ಕೊಡಿಸಿ. ಪುಸ್ತಕ ತಿದ್ದೋದು ಅವನಿಗೆ ಖುಷಿ ಕೊಡುತ್ತೆ. ಜಿಲ್ಲೆಗಳ ಲೆಕ್ಕವನ್ನು ಏಳನೇ ತರಗತಿಯವರಿಗೆ ನಾನು ಹೀಗೆ ಕೇಳ್ತೀನಿ: 'ನಿಮ್ಮ ಅಪ್ಪ ಶಾಲೆಯಲ್ಲಿದ್ದಾಗ ಎಷ್ಟು ಜಿಲ್ಲೆ ಅಂತ ಓದಿದ್ದರು? ಈಗ ಎಷ್ಟು? ನಡುವೆ ಬಂದವು ಯಾವುವು?' ಒಂದು ಸಂಖ್ಯೆ ಉರು ಹೊಡೆದ ಮಗುವಿಗೆ ಇದು ಆಗಲ್ಲ. ಮನೆಗೆ ಹೋಗಿ ಅಪ್ಪನನ್ನು ಕೇಳಬೇಕು.

ಪ್ರಶ್ನೆ: ಕನ್ನಡದ ಅತ್ಯಂತ ಹಳೆಯ ಶಾಸನ ಯಾವುದು ಅಂತ ಕೇಳಿದರು. ನಮ್ಮ ಜಿಲ್ಲೆಯ ತಾಳಗುಂದದ್ದು ಅಂದೆ. ಹಲ್ಮಿಡಿ ಅಂತ ಹೇಳಿ ಅಂಕ ಕೊಡಲಿಲ್ಲ. ಅದರಿಂದ ನಮ್ಮ ತಂಡ ಫೈನಲ್ ಸೋತಿತು. ಯಾರು ಸರಿ?
— ಪದವಿ ವಿದ್ಯಾರ್ಥಿ, ಶಿವಮೊಗ್ಗ

ನಾನಾಗಿದ್ದರೆ ನಿಮಗೆ ಅಂಕ ಕೊಡುತ್ತಿದ್ದೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಸುಮಾರು ಕ್ರಿ.ಶ. 450ರದ್ದು ಅಂತ ನಾವೆಲ್ಲ ಓದಿದ್ದು. 2013ರಲ್ಲಿ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಅಗೆಯುವಾಗ ಸಿಂಹಕಟಾಂಜನದ, ಅಂದರೆ ಮೆಟ್ಟಿಲ ಪಕ್ಕದ ಸಿಂಹದ ಕೆತ್ತನೆಯ ಕಲ್ಲಿನ, ಮೇಲಿನ ಬರಹ ಸಿಕ್ಕಿತು. ಅದು ಕ್ರಿ.ಶ. 370ರದ್ದು ಅಂತ ಪುರಾತತ್ವ ಇಲಾಖೆ ಹೇಳಿದೆ. ಇಂಥ ಕಾಲನಿರ್ಣಯದಲ್ಲಿ ವಿದ್ವಾಂಸರ ನಡುವೆ ಚರ್ಚೆ ಇರೋದೇ. ಹಾಗಿದ್ದ ಮೇಲೆ ಒಂದೇ ಉತ್ತರ ಬರೆದಿಟ್ಟುಕೊಂಡು ಹುಡುಗರನ್ನು ಸೋಲಿಸೋದು ನ್ಯಾಯವಲ್ಲ. ಕ್ವಿಜ್ ಮಾಸ್ಟರ್ ಕೈಯಲ್ಲಿರುವ ಚೀಟಿ ಶಾಸನವಲ್ಲ! ತಂಡ ಆಕ್ಷೇಪ ಎತ್ತಿದರೆ ಕೇಳುವ ತಾಳ್ಮೆ ಇರಬೇಕು. ಪ್ರಶ್ನೆಯನ್ನೇ 'ಹಲ್ಮಿಡಿಗಿಂತ ಹಳೆಯದು ಅಂತ ಈಗ ಹೇಳಲಾಗುತ್ತಿರುವ ಶಾಸನ ಎಲ್ಲಿ ಸಿಕ್ಕಿತು?' ಅಂತ ಕೇಳಿದ್ದರೆ ಜಗಳವೇ ಇರುತ್ತಿರಲಿಲ್ಲ. ಜತೆಗೆ ಪ್ರಶ್ನೆಯ ತೂಕವೂ ಹೆಚ್ಚುತ್ತಿತ್ತು.

ಪ್ರಶ್ನೆ: ನಾವು ಮಸ್ಕತ್‌ನಲ್ಲಿ ಇದ್ದೇವೆ. ಮಕ್ಕಳು ಕನ್ನಡ ಮಾತಾಡ್ತಾರೆ, ಓದಲ್ಲ. ಮನೆಯಲ್ಲೇ ಆಡುವಂಥ ರಸಪ್ರಶ್ನೆ ಹೇಳ್ತೀರಾ?
— ಇಬ್ಬರು ಮಕ್ಕಳ ತಂದೆ

ಊಟದ ತಟ್ಟೆಯಿಂದಲೇ ಶುರು ಮಾಡಿ. ಸಾರಿಗೆ ಕೆಂಪು ಬಣ್ಣ ಯಾವುದರಿಂದ ಬಂತು? ಬ್ಯಾಡಗಿ ಮೆಣಸಿನಕಾಯಿ. ಬ್ಯಾಡಗಿ ಯಾವ ಜಿಲ್ಲೆ? ಹಾವೇರಿ. ಆ ಕಾಯಿಗೆ ಹೆಸರು ಬಂದಿದ್ದು ಖಾರಕ್ಕೋ ಬಣ್ಣಕ್ಕೋ? ಬಣ್ಣಕ್ಕೆ. ಈಗ ಮೆಟ್ಟಿಲು ಹತ್ತಿಸಿ. 600 ವರ್ಷದ ಹಿಂದೆ ನಮ್ಮ ಅಡುಗೆಗೆ ಖಾರ ಎಲ್ಲಿಂದ ಬರುತ್ತಿತ್ತು? ಮೆಣಸಿನಕಾಯಿ ಆಗ ಇಲ್ಲಿ ಇರಲೇ ಇಲ್ಲ. ಅದು ಅಮೆರಿಕದ ಗಿಡ, ಪೋರ್ಚುಗೀಸರ ಜತೆ ಬಂದದ್ದು. ಉತ್ತರ ಆ ಪದದೊಳಗೇ ಕೂತಿದೆ: ಮೆಣಸಿನ ಕಾಯಿ. ನಮ್ಮ ಮಲೆನಾಡಿನ ಕಾಳುಮೆಣಸು ಮೊದಲಿತ್ತು. ಅದರಂತೆ ಖಾರವಾದ ಹೊಸ ಕಾಯಿಗೆ ಅದೇ ಹೆಸರು ಅಂಟಿಕೊಂಡಿತು. ಓದೋಕೆ ಬಾರದ ಮಗುವೂ ಈ ಪದವನ್ನು ಬಾಯಲ್ಲೇ ಬಿಡಿಸಬಹುದು, ಅಲ್ವಾ?

ಇನ್ನೂ ಮೇಲಕ್ಕೆ ಹೋಗಬೇಕಾದರೆ, ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಅಂತ ಕರೆದದ್ದು ಯಾರನ್ನು ಅಂತ ಕೇಳಿ. ಗೇರುಸೊಪ್ಪೆಯ ಚೆನ್ನಭೈರಾದೇವಿ. ಮಸ್ಕತ್‌ನಲ್ಲಿ ಪೋರ್ಚುಗೀಸರ ಕಾಲದ ಕೋಟೆಗಳಿವೆಯಲ್ಲ, ರಜೆಯ ದಿನ ಅವುಗಳ ಮುಂದೆ ನಿಂತು ಈ ಪ್ರಶ್ನೆ ಕೇಳಿ. ಗೇರುಸೊಪ್ಪೆಯ ಮೆಣಸನ್ನೂ ಆ ಕೋಟೆಯನ್ನೂ ಮಕ್ಕಳು ಒಟ್ಟಿಗೆ ನೆನಪಿಟ್ಟುಕೊಳ್ತಾರೆ.

ಪ್ರಶ್ನೆ: ಸರ್, ನನಗೆ ಎಲ್ಲ ಸುಲಭ ಅನ್ಸುತ್ತೆ. ನಿಮ್ಮ ಹತ್ತಿರ ಇರೋದರಲ್ಲೇ ಕಷ್ಟದ ಪ್ರಶ್ನೆ ಒಂದು ಕಳಿಸಿ.
— ಒಂಬತ್ತನೇ ತರಗತಿ ವಿದ್ಯಾರ್ಥಿ, ಚಿತ್ರದುರ್ಗ

ಪುಟ್ಟಾ, ನಿನ್ನ ಹುಮ್ಮಸ್ಸು ನೋಡಿ ಖುಷಿಯಾಯಿತು. ತಗೋ. ಶಿವನಸಮುದ್ರದಲ್ಲಿ 1902ರಲ್ಲೇ ನೀರಿನಿಂದ ಕರೆಂಟ್ ತಯಾರಾಯಿತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಹಾಗಾದರೆ ಮೊದಲ ಮೂರು ವರ್ಷ ಆ ಕರೆಂಟ್ ಎಲ್ಲಿಗೆ ಹೋಯಿತು?

ಗೂಗಲ್ ಮಾಡಬೇಡ. ಕಾಗದ ಪೆನ್ಸಿಲ್ ತಗೊಂಡು ಯೋಚಿಸು. ಮನೆಗಳಲ್ಲಿ ಸೀಮೆಎಣ್ಣೆ ಬುಡ್ಡಿ ಉರಿಯುತ್ತಿದ್ದ ಕಾಲ ಅದು. ಅಷ್ಟು ದೂರ ತಂತಿ ಎಳೆಸುವಷ್ಟು ದುಡ್ಡು ಯಾರ ಹತ್ತಿರ ಇತ್ತು? ನೆಲದ ಆಳದಲ್ಲಿ ಕೆಲಸ ಮಾಡುವವರಿಗೆ ಯಂತ್ರ ಯಾಕೆ ಬೇಕು? ಮೈಸೂರು ಸೀಮೆಯ ಪೂರ್ವದ ಅಂಚಿನತ್ತ ನೋಡು. ಉತ್ತರ ಸಿಕ್ಕಾಗ ಒಂದು ಕಾರ್ಡ್ ಬರೆ. ಬರೀ ಊರಿನ ಹೆಸರು ಸಾಲದು, ಯಾವ ಸುಳಿವಿಗೆ ಹೊಳೆಯಿತು ಅಂತಲೂ ಬರೆ. ಮುಂದಿನ ಸಂಚಿಕೆಯಲ್ಲಿ ನಿನ್ನ ಕಾರ್ಡನ್ನೇ ಮೊದಲು ಹಾಕ್ತೀನಿ.