ಗೋಲ್ಡ್‌ಫಿಶ್ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ

ನಿಮ್ಮ ಗೋಲ್ಡ್‌ಫಿಶ್ ನೀರಿನ ಮೇಲೆ ಬಂದು ಬಾಯಿ ಬಿಡುತ್ತಿವೆ, ಏಕೆ ಅಂತ ಫೋಟೋ ಕಳಿಸಿ ಕೇಳಿದ್ದೀರಿ. ಹೆಚ್ಚಾಗಿ ಇದಕ್ಕೆ ಕಾರಣ ಅಮೋನಿಯಾ, ಅಂದರೆ ಮೀನಿನ ಗಲೀಜಿನಿಂದ ನೀರಿಗೆ ಸೇರುವ ವಿಷ. 5 ಲೀಟರ್ ಬೌಲು, ಫಿಲ್ಟರ್ ಇಲ್ಲ, ಅದರಲ್ಲಿ ಎರಡು ಗೋಲ್ಡ್‌ಫಿಶ್ ಅಂದಿದ್ದೀರಿ. ಅವು ಹಾಕುವ ಗಲೀಜಿಗೆ ಅಷ್ಟು ನೀರು ಎಲ್ಲಿ ಸಾಕು? ಕಿವಿರು ಉರಿದು ಉಸಿರಾಟಕ್ಕೆ ಒದ್ದಾಡುತ್ತಿರಬೇಕು.

ಈಗಲೇ ಅರ್ಧ ನೀರು ಬದಲಿಸಿ, ಪೂರ್ತಿ ಬೇಡ. ನಲ್ಲಿ ನೀರಾದರೆ ಮೊದಲು ಆಂಟಿ ಕ್ಲೋರಿನ್ (ನೀರಿನ ಕ್ಲೋರಿನ್ ತೆಗೆಯುವ ಔಷಧಿ) ಹಾಕಿ, ಬಿಸಿ ತಂಪು ಬೌಲಿನ ನೀರಿನಷ್ಟೇ ಇರಲಿ. ಏರ್ ಪಂಪ್ ಇಡಿ. ಎರಡು ದಿನ ಊಟ ಬಂದ್, ಸಾಯಲ್ಲ. ಸೋಪು ತಾಗದ 20 ಲೀಟರ್ ಟಬ್ ಇದ್ದರೆ ಅದಕ್ಕೇ ಬಿಡಿ, ಬೌಲಿಗಿಂತ ವಾಸಿ.

ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ ಇದೆಯಾ? ಇದ್ದರೆ ಅದು ಪರೋಪಜೀವಿ, ಔಷಧಿಯೇ ಬೇರೆ. ಫೋಟೋದಲ್ಲಿ ನನಗೆ ಸರಿಯಾಗಿ ಕಾಣಲಿಲ್ಲ.

ಆಮೇಲೆ ಕನಿಷ್ಠ 100 ಲೀಟರಿನ ಉದ್ದನೆಯ ಟ್ಯಾಂಕ್, ಒಳ್ಳೆ ಫಿಲ್ಟರ್ ತಗೊಳ್ಳಿ. ಹೀಟರ್ ಬೇಡ, ಅಂಗಡಿಯವರು ಸುಮ್ನೆ ಮಾರುತ್ತಾರೆ. ಫಿಲ್ಟರಿನಲ್ಲಿ ಅಮೋನಿಯಾ ಕಳೆಯುವ ಬ್ಯಾಕ್ಟೀರಿಯಾ ಬೆಳೆಯಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಒಂದೆರಡು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಫಿಲ್ಟರಿನ ಸ್ಪಾಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಆ ಬ್ಯಾಕ್ಟೀರಿಯಾ ಸಾಯುತ್ತವೆ; ತೆಗೆದ ಟ್ಯಾಂಕ್ ನೀರಲ್ಲೇ ಹಿಂಡಿ.