ಮನೇಲಿ ಕೋವಿ, ತಲೇಲಿ ಸಿಟ್ಟು: ಓದುಗರ ಪ್ರಶ್ನೆಗಳು

ಹೋದ ಸಂಚಿಕೇಲಿ ಒಬ್ರು ಬೆಳೆ ಕಾಯೋಕೆ ಕೋವಿ ಲೈಸೆನ್ಸ್ ಮಾಡಿಸ್ಲಾ ಬೇಡ್ವಾ ಅಂತ ಕೇಳಿದ್ರು. ಮಾಡಿಸಿ, ಆದ್ರೆ ಕೋವಿ ಒಂದು ಕಡೆ, ತೋಟಾ (ಅಂದ್ರೆ ಗುಂಡು) ಇನ್ನೊಂದು ಕಡೆ ಬೀಗ ಹಾಕಿಡಿ ಅಂತ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಮೆಸೇಜು ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ದೇವರು, ಜಾತಿ, ಕುಡಿತ, ಭಯ ಎಲ್ಲಾ ಅದ್ರಲ್ಲಿದೆ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ.

ಪ್ರಶ್ನೆ: ನಾವು ಕೊಡವರು, ನಾನಿರೋದು ಬೆಂಗಳೂರಲ್ಲಿ. ಆಫೀಸಲ್ಲಿ "ನಿಮಗೆ ಹುಟ್ಟಿದ ತಕ್ಷಣ ಗನ್ ಕೊಡ್ತಾರಂತೆ, ನಮಗ್ಯಾಕಿಲ್ಲ" ಅಂತ ಕೇಳ್ತಾನೇ ಇರ್ತಾರೆ. ನನಗೂ ಈಗ ಅನುಮಾನ ಬಂದಿದೆ, ಲೈಸೆನ್ಸ್ ಇಲ್ದೇ ಕೋವಿ ಇಟ್ಕೊಳ್ಳೋ ಈ ವಿನಾಯ್ತಿ ಸರಿನಾ? (ವಿರಾಜಪೇಟೆ ಕಡೆಯ ಓದುಗರು)

ಮೊದ್ಲು ನಿಮ್ಮ ಆಫೀಸಿನವರಿಗೆ ಹೇಳಿ, ಹುಟ್ಟಿದ ಮಗೂಗೆ ಯಾರೂ ಕೋವಿ ಕೊಡಲ್ಲ. ಗಂಡು ಮಗು ಹುಟ್ಟಿದ್ರೆ ಗಾಳೀಲಿ ಒಂದು ಗುಂಡು, ಮನೇಲಿ ಸಾವಾದ್ರೆ ಎರಡು, ಇದು ಪದ್ಧತಿ. ಒಂದು ಮನೆಯಿಂದ ಇನ್ನೊಂದು ಮನೆಗೆ ಗುಡ್ಡ ಇಳಿದು ಗದ್ದೆ ದಾಟಿ ಹೋಗ್ಬೇಕಿದ್ದ ಕಾಲದಲ್ಲಿ, ಫೋನಿಲ್ಲ ಏನಿಲ್ಲ, ಆ ಸದ್ದೇ ಸುದ್ದಿ. ಎರಡು ಸದ್ದು ಕೇಳಿದ್ರೆ ಊರವರು ಕೈಲಿದ್ದ ಕೆಲಸ ಬಿಟ್ಟು ಹೊರಡ್ತಿದ್ರು.

ಕಾನೂನಿನ ಕಥೆ ಅಂದ್ರೆ, 1857ರ ದಂಗೆ ಆದ್ಮೇಲೆ ಬ್ರಿಟಿಷರು ದೇಶದ ಜನರ ಕೈಯಿಂದ ಆಯುಧ ಕಿತ್ಕೊಳ್ಳೋಕೆ ಕಾಯ್ದೆ ತಂದ್ರು, 1861ರಲ್ಲಿ ಮೈಸೂರು, ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಡವರನ್ನ ಅದರಿಂದ ಹೊರಗಿಟ್ರು. ಸ್ವಾತಂತ್ರ್ಯ ಬಂದ್ಮೇಲೆ 1959ರ ಆಯುಧ ಕಾಯ್ದೆ ಬಂತು, ಆಗ್ಲೂ ಕೇಂದ್ರ ಸರ್ಕಾರ ಕೊಡವರಿಗೆ ಮತ್ತೆ ಜಮ್ಮಾ ಹಿಡುವಳಿದಾರರಿಗೆ (ಕೊಡಗಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿನವ್ರಿಗೆ) ವಿನಾಯ್ತಿ ಮುಂದುವರಿಸ್ತು. ಜಮ್ಮಾ ಹಿಡುವಳಿದಾರರು ಅಂದ್ರೆ ಅದ್ರಲ್ಲಿ ಬೇರೆ ಸಮುದಾಯದವ್ರೂ ಇದಾರೆ, ಇದು ತುಂಬ ಜನಕ್ಕೆ ಗೊತ್ತಿಲ್ಲ. 2019ರಲ್ಲಿ ಅದನ್ನ 2029ರವರೆಗೆ ವಿಸ್ತರಿಸಿದ್ರು, ಹೈಕೋರ್ಟಲ್ಲಿ ಪ್ರಶ್ನೆ ಮಾಡಿದಾಗ 2021ರಲ್ಲಿ ಕೋರ್ಟೂ ಎತ್ತಿಹಿಡೀತು. ಹಾಗಂತ ಕಾಗದ ಪತ್ರ ಏನೂ ಬೇಡ ಅಂತಲ್ಲ, ವಿನಾಯ್ತಿ ಪ್ರಮಾಣಪತ್ರ ಮಾಡಿಸ್ಲೇಬೇಕು.

ಸರಿನಾ ಅಂತ ಕೇಳಿದ್ರಲ್ಲ, ನನಗನ್ಸೋದು ಹೇಳ್ತೀನಿ. ನಿಮ್ಮ ಹಿರಿಯರ ಪದ್ಧತೀಲಿ ಕೋವಿ ಜೊತೆಗೇ ಒಂದು ಕಟ್ಟುಪಾಡೂ ಇತ್ತು. ಗದ್ದೆ ಕೆಲಸದ ಕಾಲದಲ್ಲಿ ಆಯುಧ ಎಲ್ಲಾ ಕನ್ನಿಕೊಂಬರೆ (ಮನೆಯ ದೇವರ ಕೋಣೆ) ಸೇರ್ತಿತ್ತು, ನಾಟಿ ಮುಗಿದು ಆಯುಧ ಪೂಜಿಸೋ ಹಬ್ಬ ಕೈಲ್‌ಪೊಳ್ದ್ ಬಂದಾಗ್ಲೇ ಹೊರಗೆ ತೆಗೆದು ತೋಕ್ ಪೂ (ಕೋವಿ ಹೂವು) ಸಿಗಿಸಿ ಪೂಜೆ ಮಾಡೋದು, ಆಮೇಲೆ ಮನೆ ಹಿರಿಯರು ಬುದ್ಧಿ ಮಾತು ಹೇಳಿ ಕಿರಿಯರ ಕೈಗೆ ಕೊಡೋದು. ಯೋಚ್ನೆ ಮಾಡಿ ನೋಡಿ, ಕೋವಿ ಸಿಕ್ಕಿದವರ ಕೈಗೆ ಸಿಕ್ಕಿದಾಗ ಬರ್ತಿರ್ಲಿಲ್ಲ, ಕೊಡೋಕೆ ಒಬ್ರು ಇದ್ರು, ಕೊಡೋಕೆ ಒಂದು ದಿನ ಇತ್ತು. ಇವತ್ತು ಒಕ್ಕ (ಒಂದೇ ಮನೆತನದ ಕೂಡು ಕುಟುಂಬ) ಒಡೆದು ಒಂದೊಂದು ಮನೇಲಿ ಇಬ್ರು ಮೂವರು, ಕೋವಿ ಬೆಡ್‌ರೂಮಿನ ಬೀರು ಹಿಂದೆ. ವಿನಾಯ್ತಿ ಉಳೀತು, ಹಿರಿಯರ ಕಣ್ಗಾವಲು ಎಷ್ಟು ಮನೇಲಿ ಉಳಿದಿದೆ? ನಿಮ್ಮ ಸಂಘಗಳು ವಿನಾಯ್ತಿಗೋಸ್ಕರ ಹೋರಾಡಿದಷ್ಟೇ ಗಟ್ಟಿಯಾಗಿ ಪ್ರತಿ ಮನೇಲೂ ಬೀಗದ ಪೆಟ್ಟಿಗೆ ಇರ್ಲಿ ಅಂತ ಹೇಳಿದ್ರೆ ನಿಮ್ಮ ಸಹೋದ್ಯೋಗಿಗಳ ಬಾಯಿ ತಾನೇ ಮುಚ್ಚುತ್ತೆ. ಅದೇ ಆನೆ ಅದೇ ಹಂದಿ ಕಾಟದಲ್ಲಿರೋ ಪಕ್ಕದ ತೋಟದ ಬೇರೆ ಜಾತಿಯವನು ಲೈಸೆನ್ಸಿಗೆ ಅಲೀಬೇಕು ಅನ್ನೋ ಮಾತಲ್ಲೂ ನ್ಯಾಯ ಇದೆ, ಅದನ್ನ ತಳ್ಳಿಹಾಕ್ಬೇಡಿ. ಅವನ ದಾರಿ ಸುಲಭ ಆಗ್ಲಿ ಅಂತ ನೀವೇ ದನಿಗೂಡಿಸಿ.

ಪ್ರಶ್ನೆ: ನನ್ನ ಗಂಡನ ಹತ್ರ ತೋಟ ಕಾಯೋಕೆ ಲೈಸೆನ್ಸ್ ಕೋವಿ ಇದೆ. ಕುಡೀದೇ ಇದ್ದಾಗ ಒಳ್ಳೇವ್ರು. ಕುಡಿದ್ರೆ ಮಾತಿಗೆ ಮಾತು ಬೆಳೆದು ಕೋವಿ ಇಳಿಸ್ತಾರೆ, ಎರಡು ಸಲ ನನ್ ಕಡೆ ತಿರುಗಿಸಿದಾರೆ, ಒಂದು ಸಲ ತಮ್ಮ ಗಂಟಲಿಗೇ ಇಟ್ಕೊಂಡ್ರು. ಬೆಳಿಗ್ಗೆ ಅಳ್ತಾರೆ. ಅತ್ತೆ "ಒಳಗೆ ಗುಂಡೇ ಇರ್ಲಿಲ್ಲ, ಸುಮ್ನೆ ಹೆದರಿಸಿದ್ದು" ಅಂತಾರೆ. (ಹೆಸರು, ಊರು ಬೇಡ ಅಂದಿದ್ದಾರೆ)

ಅಮ್ಮಾ, ನಿಮ್ಮ ಪತ್ರ ಓದಿದ ಮೇಲೆ ಬೇರೆ ಯಾವ ಪತ್ರಾನೂ ಓದೋಕಾಗ್ಲಿಲ್ಲ. ಗುಂಡೇ ಇರ್ಲಿಲ್ಲ ಅನ್ನೋ ಮಾತನ್ನ ನಂಬ್ಕೊಂಡು ಇನ್ನೊಂದು ರಾತ್ರಿ ಕಳೀಬೇಡಿ. ಖಾಲಿ ಅಂದ್ಕೊಂಡಿದ್ದ ಕೋವಿಯಿಂದಾನೇ ಎಷ್ಟೋ ಜನ ಸತ್ತಿದಾರೆ.

ಕುಡಿದು ಸಿಟ್ಟಾದ ಮನುಷ್ಯನ ತಲೇಲಿ ಮುಂದೇನಾಗುತ್ತೆ ಅಂತ ಯೋಚ್ನೆ ಮಾಡೋ ಭಾಗ ಮಂಕಾಗಿರುತ್ತೆ. ಆ ಸಿಟ್ಟು ಆ ದುಃಖ ಅದೇ ಜೋರಲ್ಲಿ ರಾತ್ರಿಯಿಡೀ ಇರಲ್ಲ, ಸ್ವಲ್ಪ ಹೊತ್ತಿಗೆ ಇಳಿಯುತ್ತೆ, ಬೆಳಿಗ್ಗೆ ಅವರು ಅಳೋದು ಸುಳ್ಳಲ್ಲ. ಆದ್ರೆ ಕೈಗೆಟುಕೋ ಕಡೆ ಕೋವಿ ಇದ್ರೆ ಆ ಸ್ವಲ್ಪ ಹೊತ್ತೇ ಸಾಕು, ವಾಪಸ್ ತಗೊಳ್ಳೋಕೆ ಬರದೇ ಇರೋದು ನಡೆದುಹೋಗುತ್ತೆ. ಅವರು ಒಳ್ಳೇವ್ರೋ ಕೆಟ್ಟವ್ರೋ ಅಂತ ತೀರ್ಮಾನ ಆಗೋವರೆಗೂ ಕಾಯೋದು ಬೇಡ, ಮೊದ್ಲು ಕೋವಿ ಮನೆಯಿಂದ ಹೊರಗೆ ಹೋಗ್ಲಿ.

ಹೇಗೆ ಅಂದ್ರೆ, ಕೋವೀನ ನೀವು ಮುಟ್ಟೋಕೆ ಹೋಗ್ಬೇಡಿ, ಬಚ್ಚಿಡೋಕೂ ಹೋಗ್ಬೇಡಿ, ಅದೇ ಇನ್ನೊಂದು ಜಗಳಕ್ಕೆ ಕಾರಣ ಆಗುತ್ತೆ. ಅವರು ಕುಡೀದೇ ಇರೋ ಹೊತ್ತಲ್ಲಿ ಅವರು ಮಾತು ಕೇಳೋ ಅಣ್ಣನೋ ಮಾವನೋ ಇದ್ರೆ ಅವರಿಂದ ಹೇಳಿಸಿ, ಕೋವೀನ ಲೈಸೆನ್ಸ್ ಇರೋ ಆಯುಧ ಅಂಗಡೀಲೋ ಸ್ಟೇಷನ್ನಲ್ಲೋ ಠೇವಣಿ ಇಡಿಸಿ, ಇದ್ರಿಂದ ಮಾನ ಹೋಗಲ್ಲ. ಅದು ಆಗಲ್ಲ ಅನ್ಸಿದ್ರೆ ಪೊಲೀಸ್ ಸ್ಟೇಷನ್ನಿಗೂ ಡಿಸಿ ಆಫೀಸಿಗೂ ಬರವಣಿಗೇಲಿ ದೂರು ಕೊಡಿ, ಆಯುಧ ಕಾಯ್ದೆ ಸೆಕ್ಷನ್ 17ರಲ್ಲಿ ಲೈಸೆನ್ಸ್ ಅಮಾನತು ಮಾಡೋ ಅಧಿಕಾರ ಇದೆ. ದೂರಿನ ಸ್ವೀಕೃತಿ ಇಸ್ಕೊಳ್ಳಿ. ಕೋವಿ ತೋರಿಸಿ ಹೆದರಿಸೋದೇ ಅಪರಾಧ, ಗುಂಡು ಹಾರ್ಲೇಬೇಕು ಅಂತಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೇಲಿ ರಕ್ಷಣಾ ಆದೇಶ ಸಿಗುತ್ತೆ, 181ಕ್ಕೆ ಫೋನ್ ಮಾಡಿದ್ರೆ ದಾರಿ ಹೇಳ್ತಾರೆ. ರಾತ್ರಿ ಶುರುವಾಯ್ತು ಅಂದ್ರೆ ವಾದಕ್ಕೆ ನಿಲ್ಬೇಡಿ, ಮಕ್ಕಳನ್ನ ಕರ್ಕೊಂಡು ಪಕ್ಕದ ಮನೆಗೆ ಹೋಗಿ 112 ಒತ್ತಿ.

ಗಂಟಲಿಗೆ ಇಟ್ಕೊಂಡ್ರು ಅಂದ್ರಲ್ಲ, ಅದನ್ನ ನಾಟಕ ಅನ್ನೋರ ಮಾತು ಕೇಳ್ಬೇಡಿ. ಅವರಿಗೂ ಚಿಕಿತ್ಸೆ ಬೇಕು. 14416 ಟೆಲಿ ಮಾನಸ್, ಯಾವ ಹೊತ್ತಲ್ಲಾದ್ರೂ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಅವರೇ ಮಾಡ್ಬೇಕು ಅಂತಿಲ್ಲ, ನೀವೂ ಮಾಡ್ಬಹುದು. ಪತ್ರಿಕೆ ಮೂಲಕ ಇನ್ನೊಂದ್ಸಲ ಬರೀರಿ, ಹೇಗಿದೀರಿ ಅಂತ ಗೊತ್ತಾಗ್ಬೇಕು ನನಗೆ.

ಪ್ರಶ್ನೆ: ಶಿಕಾರಿಗೆ ಹೋಗಿ ಹಂದಿ ಅಂತ ಜೊತೆಗಿದ್ದವನಿಗೇ ಗುಂಡು ಹೊಡೆದ ಸುದ್ದಿ ಪದೇ ಪದೇ ಬರುತ್ತಲ್ಲ, ಮನುಷ್ಯನಿಗೂ ಹಂದಿಗೂ ವ್ಯತ್ಯಾಸ ಗೊತ್ತಾಗಲ್ವಾ? ನನಗಂತೂ ಬೇಕಂತಲೇ ಹೊಡೆದಿದ್ದು ಅನ್ಸುತ್ತೆ. (ಕೊಪ್ಪದ ಓದುಗರು)

ಕೆಲವು ಬೇಕಂತಲೇ ಇರ್ಬಹುದು, ಅದನ್ನ ಪೊಲೀಸ್ನೋರು ನೋಡ್ಕೊಳ್ಳಲಿ. ಆದ್ರೆ ನಿಜವಾಗ್ಲೂ ಗೊತ್ತಾಗದೇ ಹೊಡೆಯೋದು ಸಾಧ್ಯ. ಮರಸು ಕೂತವನು, ಅಂದ್ರೆ ಪ್ರಾಣಿಗೆ ಹೊಂಚು ಹಾಕಿ ಅಡಗಿ ಕೂತವನು, ಗಂಟೆಗಟ್ಲೆ ಹಂದೀನೇ ಕಾಯ್ತಿರ್ತಾನೆ, ಕತ್ತಲು, ಚಳಿ, ಎದೆ ಹೊಡ್ಕೊಳ್ತಿದೆ, ಫಾರೆಸ್ಟಿನವರು ಬಂದ್ರೆ ಅನ್ನೋ ದಿಗಿಲು ಬೇರೆ. ಪೊದೆ ಅಲ್ಲಾಡೋ ಹೊತ್ತಿಗೆ ತಲೆ ಆಗ್ಲೇ ಹಂದಿ ಅಂತ ತೀರ್ಮಾನ ಮಾಡಿ ಮುಗಿಸಿರುತ್ತೆ, ಕಣ್ಣು ಅದಕ್ಕೆ ಸಾಕ್ಷಿ ಹುಡುಕುತ್ತೆ ಅಷ್ಟೆ. ಕತ್ತಲಲ್ಲಿ ಕಣ್ಣಿಗೆ ಬಣ್ಣ ಕಾಣಲ್ಲ, ಅಂಚು ಸರಿಯಾಗಿ ಕಾಣಲ್ಲ, ಬಗ್ಗಿ ನಡೀತಿರೋ ಸ್ನೇಹಿತ ಕಪ್ಪು ಆಕಾರ ಆಗಿಬಿಡ್ತಾನೆ. ಚರೆ ತೋಟಾ (ಸಣ್ಣ ಸಣ್ಣ ಗುಂಡು ತುಂಬಿದ್ದು) ಆದ್ರೆ ಅದು ಚದುರುತ್ತೆ, ಗುರಿ ತಪ್ಪಿದ್ರೂ ತಗಲುತ್ತೆ.

ಹಾಗಂತ ಪಾಪ ಅಂತ ಬಿಡೋಕಾಗಲ್ಲ. ತಲೆ ಹೀಗೆ ಮೋಸ ಮಾಡುತ್ತೆ ಅಂತ ಗೊತ್ತಿರೋದ್ರಿಂದ್ಲೇ ನಿಯಮ ಇರೋದು, ಏನು ಅಂತ ಪೂರ್ತಿ ಕಾಣೋವರೆಗೂ, ಅದರ ಹಿಂದೆ ಏನಿದೆ ಅಂತ ಗೊತ್ತಾಗೋವರೆಗೂ ಬೆರಳು ಟ್ರಿಗರ್ ಮೇಲೆ ಹೋಗ್ಬಾರ್ದು. ಮತ್ತೆ ಮೊದಲನೇ ಮಾತು, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಶಿಕಾರಿನೇ ಅಪರಾಧ, ಬೆಳೆ ತಿನ್ನೋ ಹಂದಿ ಹೊಡೆಯೋಕೂ ಅರಣ್ಯ ಇಲಾಖೆ ಅನುಮತಿ ಬೇಕು. ಕೇಸಾಗುತ್ತೆ ಅಂತ ಹೆದರಿ ಗಾಯ ಆದವನನ್ನ ಆಸ್ಪತ್ರೆಗೆ ತಡವಾಗಿ ಒಯ್ಯೋದ್ರಿಂದಾನೂ ಜೀವ ಹೋಗುತ್ತೆ, ನನಗೆ ತುಂಬ ಸಂಕಟ ಆಗೋದು ಅದು.

ಪ್ರಶ್ನೆ: ರಾತ್ರಿ ಇಬ್ರು ಚಾಕು ತೋರಿಸಿ ನನ್ನ ಫೋನು ಪರ್ಸು ಕಿತ್ಕೊಂಡ್ರು. ನಾನು ಜಿಮ್‌ಗೆ ಹೋಗೋನು, ಆದ್ರೂ ಕಂಬದ ಹಾಗೆ ನಿಂತ್ಬಿಟ್ಟೆ, ಕೂಗೋಕೂ ಆಗ್ಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ. ಫ್ರೆಂಡ್ಸ್ ಪಿಸ್ತೂಲ್ ಲೈಸೆನ್ಸ್ ಮಾಡ್ಸು ಅಂತಿದಾರೆ. (ಬೆಂಗಳೂರು)

ನಾಚಿಕೆ ಯಾಕಪ್ಪಾ. ಎದುರಿಸೋದು ಓಡೋದು ಹೇಗೋ ಹಾಗೇ ಮರಗಟ್ಟಿ ನಿಲ್ಲೋದೂ ದೇಹ ತಾನಾಗಿ ಮಾಡೋ ಕೆಲಸ, ನಿನ್ನನ್ನ ಕೇಳಿ ಮಾಡಲ್ಲ. ಅಡ್ರಿನಾಲಿನ್ ನುಗ್ಗುತ್ತೆ, ರಕ್ತ ದೊಡ್ಡ ಸ್ನಾಯುಗಳ ಕಡೆ ಹೋಗುತ್ತೆ, ಬೆರಳು ನಡುಗುತ್ತೆ, ಕೆಲವರಿಗೆ ಸುತ್ತಲಿನ ಸದ್ದೇ ಕೇಳಲ್ಲ, ಚಾಕು ಒಂದೇ ಕಾಣುತ್ತೆ. ಜಿಮ್ಮಿಗೂ ಇದಕ್ಕೂ ಸಂಬಂಧ ಇಲ್ಲ.

ಈಗ ಅದೇ ನಡುಗೋ ಬೆರಳಲ್ಲಿ ಪಿಸ್ತೂಲ್ ಇತ್ತು ಅಂತ ಇಟ್ಕೋ. ತೆಗೀಬೇಕು, ಸೇಫ್ಟಿ ಬಿಡಿಸ್ಬೇಕು, ಗುರಿ ಹಿಡೀಬೇಕು, ಹಿಂದೆ ರಸ್ತೇಲಿ ಯಾರಿದಾರೆ ನೋಡ್ಬೇಕು, ಚಾಕು ಹಿಡಿದವನು ಒಂದು ಮಾರು ದೂರದಲ್ಲಿ. ನಿನ್ನ ಪಿಸ್ತೂಲ್ ಅವನ ಕೈ ಸೇರೋ ಸಾಧ್ಯತೇನೇ ಜಾಸ್ತಿ. ಟ್ರೈನಿಂಗ್ ಆದವರ ಕಥೆ ನೋಡು, 2022ರ ಮೇ 24ಕ್ಕೆ ಅಮೆರಿಕದ ಟೆಕ್ಸಸ್‌ನ ಯುವಾಲ್ಡೆ ಅನ್ನೋ ಊರಲ್ಲಿ ಶಾಲೆಗೆ ನುಗ್ಗಿದವನು 19 ಮಕ್ಕಳು, ಇಬ್ರು ಟೀಚರ್‌ಗಳನ್ನ ಕೊಂದ. ಒಟ್ಟು 376 ಅಧಿಕಾರಿಗಳು ಬಂದಿದ್ರು, ಎಲ್ಲರ ಹತ್ರಾನೂ ಆಯುಧ, ಆದ್ರೂ ಆ ಕ್ಲಾಸ್‌ರೂಮಿಗೆ ನುಗ್ಗೋಕೆ ಒಂದು ಗಂಟೆಗೂ ಜಾಸ್ತಿ ತಗೊಂಡ್ರು. ಮುಂದೆ ನಿಂತು ಹೀಗೆ ಮಾಡಿ ಅನ್ನೋರಿರ್ಲಿಲ್ಲ, ಒಬ್ರನ್ನೊಬ್ರು ನೋಡ್ತಾ ನಿಂತ್ರು. ಕೈಲಿ ಗನ್ ಇದ್ರೆ ಧೈರ್ಯ ತಾನಾಗಿ ಬರುತ್ತೆ ಅನ್ನೋರು ಆ ಮಕ್ಕಳನ್ನ ಒಂದ್ಸಲ ನೆನೆಸ್ಕೋಬೇಕು.

ನೀನು ಫೋನು ಕೊಟ್ಟು ಜೀವ ಉಳಿಸ್ಕೊಂಡು ಮನೆಗೆ ಬಂದೆ, ಸರಿಯಾಗೇ ಮಾಡ್ದೆ. ಇನ್ನೂ ನಿದ್ದೆ ಬರ್ತಿಲ್ಲ, ಆ ರಸ್ತೇಲಿ ಹೋಗೋಕಾಗ್ತಿಲ್ಲ ಅಂದ್ರೆ ಒಬ್ಬ ಕೌನ್ಸೆಲರ್ ಹತ್ರ ಹೋಗಿ ಮಾತಾಡು.

ಪ್ರಶ್ನೆ: ಆಯುಧಪೂಜೇಲಿ ಬಂದೂಕಿಗೆ ಕುಂಕುಮ ಇಟ್ಟು ಕೈಮುಗೀತೀವಿ, ಆಮೇಲೆ ಅಹಿಂಸೆ ಅಂತೀವಿ. ಇದು ವಿರೋಧಾಭಾಸ ಅಲ್ವಾ? (ದಾವಣಗೆರೆ)

ನನಗೆ ಹಾಗನ್ಸಲ್ಲ. ನೇಗಿಲಿಗೂ ಬಸ್ಸಿಗೂ ಕೈಮುಗೀತೀವಲ್ಲ, ಇದರಿಂದ ಬದುಕೂ ಇದೆ ಅಪಾಯಾನೂ ಇದೆ, ಎಚ್ಚರ ಇರ್ಲಿ ಅಂತ. ಕೊಡಗಿನಲ್ಲಿ ಊರ ದೇವರ ಹಬ್ಬದ ದಿನಗಳಲ್ಲಿ ಕಟ್ಟು ಬೀಳುತ್ತೆ, ಆಗ ಕೋವಿ ಇರೋ ಮನೇಲೂ ಪ್ರಾಣಿ ಕೊಲ್ಲೋ ಹಾಗಿಲ್ಲ. ನನಗೆ ಭಯ ಆಗೋದು ಕುಂಕುಮ ಇಟ್ಟ ಬಂದೂಕಿಂದಲ್ಲ, ಧರ್ಮ ಉಳಿಸ್ತೀನಿ ಅಂತ ಕಳ್ಳ ಪಿಸ್ತೂಲ್ ಹಿಡಿಯೋರಿಂದ. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನ, 2017ರಲ್ಲಿ ಬೆಂಗಳೂರಲ್ಲಿ ಗೌರಿ ಲಂಕೇಶ್‌ರನ್ನ ಅವರವರ ಮನೆ ಬಾಗಿಲಲ್ಲೇ ನಾಡ ಪಿಸ್ತೂಲಲ್ಲಿ ಕೊಂದ್ರು. ಒಂದೇ ಪಿಸ್ತೂಲ್ ಅಂತ ತನಿಖೆ ಮಾಡಿದವ್ರು ಹೇಳಿದಾರೆ. ಮಾತಿಗೆ ಉತ್ತರ ಮಾತಲ್ಲೇ ಕೊಡ್ಬೇಕು, ಇದ್ರಲ್ಲಿ ನನಗೆ ಎರಡನೇ ಅಭಿಪ್ರಾಯ ಇಲ್ಲ.

ಪ್ರಶ್ನೆ: ನಾವು ಅಮೆರಿಕದ ಡಲ್ಲಾಸ್‌ನಲ್ಲಿದೀವಿ. ಮಗ ಫ್ರೆಂಡ್ ಮನೆಗೆ ಆಟಕ್ಕೆ ಹೋಗ್ತಾನೆ. ನಿಮ್ಮನೇಲಿ ಗನ್ ಇದೆಯಾ ಅಂತ ಅವರಪ್ಪ ಅಮ್ಮನ್ನ ಕೇಳೋದು ಅಸಭ್ಯನಾ? ನಮ್ಮವರು ಕೇಳ್ಬೇಡ ಏನಂದ್ಕೋತಾರೋ ಅಂತಾರೆ.

ಕೇಳಿ. ಧಾರಾಳವಾಗಿ ಕೇಳಿ. ಅಲ್ಲಿನ ಮಕ್ಕಳ ವೈದ್ಯರ ಸಂಘಾನೇ ಹೀಗೆ ಕೇಳಿ ಅಂತ ಅಪ್ಪ ಅಮ್ಮಂದಿರಿಗೆ ಹೇಳ್ತಾ ಬಂದಿದೆ. "ನಮ್ಮವನಿಗೆ ಕಡಲೆಕಾಯಿ ಅಲರ್ಜಿ ಇದೆ, ನಿಮ್ಮನೇಲಿ ನಾಯಿ ಇದೆಯಾ, ಗನ್ ಇದ್ರೆ ಲಾಕ್ ಮಾಡಿರ್ತೀರಾ" ಅಂತ ಒಂದೇ ಉಸಿರಲ್ಲಿ ಕೇಳಿದ್ರೆ ಯಾರಿಗೂ ಮುಜುಗರ ಆಗಲ್ಲ. ಗನ್ ಇದೆ ಅಂದ ತಕ್ಷಣ ಅವರು ಕೆಟ್ಟವ್ರು ಅಂತ ಅಂದ್ಕೋಬೇಡಿ, ಅಲ್ಲಿ ಅದು ಸಂವಿಧಾನದ ಹಕ್ಕು, ತುಂಬ ಜನ ಜವಾಬ್ದಾರಿಯಿಂದ ಇಟ್ಕೋತಾರೆ. ಲಾಕ್ ಮಾಡಿಲ್ಲ ಅಂದ್ರೆ ಮಕ್ಕಳು ನಿಮ್ಮನೇಲೇ ಆಡ್ಲಿ. ಅಮೆರಿಕದಲ್ಲಿ ಗನ್ನಿಂದ ಸಾಯೋರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ಜೀವ ತಾವೇ ತಗೊಂಡೋರು, ಇದು ಟೀವಿ ಸುದ್ದೀಲಿ ಬರಲ್ಲ. ಮಗ ಹದಿನಾಲ್ಕು ಹದಿನೈದಕ್ಕೆ ಬಂದಾಗ್ಲೂ ಈ ಪ್ರಶ್ನೆ ಕೇಳೋದು ನಿಲ್ಲಿಸ್ಬೇಡಿ, ಆಗ್ಲೇ ಇನ್ನೂ ಜಾಸ್ತಿ ಬೇಕು.

ಪ್ರಶ್ನೆ: ಪ್ರತಿ ಚುನಾವಣೇಲೂ ನಮ್ಮ ಕೋವಿ ಸ್ಟೇಷನ್ನಿಗೆ ಕೊಡ್ಬೇಕು. ಆ ಟೈಮಲ್ಲೇ ಮಂಗ, ಹಂದಿ ಎಲ್ಲಾ ತೋಟಕ್ಕೆ ನುಗ್ಗುತ್ತೆ. ಏನ್ಮಾಡೋದು? (ಸಕಲೇಶಪುರ)

ನಿಮ್ಮ ಕಷ್ಟ ನಿಜ. ಜಿಲ್ಲೇಲಿ ಸ್ಕ್ರೀನಿಂಗ್ ಕಮಿಟಿ ಅಂತ ಇರುತ್ತೆ, ಯಾರ ಕೋವಿ ಠೇವಣಿ ಆಗ್ಬೇಕು ಅಂತ ನೋಡೋದು ಅದರ ಕೆಲಸ. ಚುನಾವಣೆ ಘೋಷಣೆ ಆದ ವಾರದಲ್ಲೇ ಪಹಣಿ, ಬೆಳೆ ಹಾಳಾದ ಫೋಟೋ, ನಿಮ್ಮ ಮೇಲೆ ಕೇಸಿಲ್ಲ ಅನ್ನೋದು ಬರೆದು ಅಕ್ಕಪಕ್ಕದ ನಾಲ್ಕೈದು ಜನ ಸೇರಿ ವಿನಾಯ್ತಿಗೆ ಅರ್ಜಿ ಹಾಕಿ, ಒಬ್ಬೊಬ್ರೇ ಹೋದ್ರೆ ಕಾಯಿಸ್ತಾರೆ. ಕೊಡ್ಲೇಬೇಕಾಗಿ ಬಂದ್ರೆ ನಳಿಕೆ ಒರೆಸಿ ಎಣ್ಣೆ ಹಚ್ಚಿ ಕೊಡಿ, ರಸೀದೀಲಿ ಕೋವಿ ನಂಬರ್ ಸರಿಯಾಗಿದೆಯಾ ಅಂತ ಅಲ್ಲೇ ನಿಂತು ನೋಡ್ಕೊಳ್ಳಿ, ವಾಪಸ್ ತಗೋವಾಗ ಬೇರೆಯವರ ಕೋವಿ ಜೊತೆ ಅದಲು ಬದಲಾದ್ರೆ ಆಮೇಲೆ ತಿಂಗಳುಗಟ್ಲೆ ಓಡಾಟ.